ಹಾರುವ ಮೊದಲು ಕುಗ್ಗುವ ಕರುಳು

ಆಲಮಟ್ಟಿ ಹಿನ್ನೀರಿಗೆ ಹಕ್ಕಿ ನೋಡುವವರು ಹೋಗುವುದು ಹೆಚ್ಚಾಗಿ ಚಳಿಗಾಲದಲ್ಲಿ, ರಾಜಹಂಸಗಳಿಗಾಗಿ. ನನ್ನ ಕೇಳಿದರೆ ಹೋಗಬೇಕಾದದ್ದು ಯುಗಾದಿಯ ಆಚೀಚೆ. ಆಗ ನೀರು ಇಳಿದು ಬಸವನ ಬಾಗೇವಾಡಿ ಸೀಮೆಯ ದಂಡೆಗಳಲ್ಲಿ ರಾಡಿ ತೆರೆದುಕೊಂಡಿರುತ್ತದೆ. ಮುದ್ದೇಬಿಹಾಳದ ಕಡೆ ನಾರಾಯಣಪುರದ ಹಿನ್ನೀರು, ಇಂಡಿ-ಸಿಂದಗಿಯಲ್ಲಿ ಭೀಮೆಯ ದಂಡೆ, ಅಲ್ಲೂ ಹಾಗೆಯೇ. ಇಂಥ ರಾಡಿಯೇ ದಂಡೆಹಕ್ಕಿಗಳ ಊಟದ ತಾಣ.

ಅವುಗಳಲ್ಲಿ ಲಿಟಲ್ ಸ್ಟಿಂಟ್ ತೀರಾ ಸಣ್ಣದು, ತೂಕ ಹೆಚ್ಚುಕಡಿಮೆ ಗುಬ್ಬಿಯಷ್ಟೇ. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆಲ್ಲ ಉತ್ತರ ಧ್ರುವದ ಸೆರಗಿನ ಸೈಬೀರಿಯಾದಿಂದ ಬಂದಿಳಿದಿರುತ್ತದೆ. ದಾರಿಯಲ್ಲಿ ಕೊಬ್ಬು ಕರಗಿರುತ್ತದೆ, ಮಾಂಸಖಂಡವೂ ಸವೆದಿರುತ್ತದೆ. ಚಳಿಗಾಲದಲ್ಲಿ ಹಳೆಯ ರೆಕ್ಕೆಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ. ಅದೇ ಒಂದು ದೊಡ್ಡ ಖರ್ಚು.

ಮಾರ್ಚ್ ಬಂತೆಂದರೆ ಹಸಿವು ಕೆರಳುತ್ತದೆ. ಬೂದು ಬೆನ್ನಿನಲ್ಲಿ ಒಂದೊಂದೇ ತುಕ್ಕುಬಣ್ಣದ ಗರಿ ಮೂಡುತ್ತದೆ. ಕಾಲಿಗೆ ಉಂಗುರ ತೊಡಿಸುವವರು ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ ಕತ್ತಿನ ಬುಡದ ಗರಿಗಳನ್ನು ಊದಿ ಸರಿಸುತ್ತಾರೆ. ಬಂದಾಗ ಬರಿದಾಗಿದ್ದ ಅಲ್ಲಿನ ಗುಳಿಯಲ್ಲಿ ಈಗ ಹಳದಿ ಕೊಬ್ಬು ಉಬ್ಬಿ ನಿಂತಿರುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೋಕ್ಯಾಲೊರಿ ಶಕ್ತಿಯಿದೆ, ಪಿಷ್ಟದಲ್ಲಿ ಇರುವುದು 4. ದೂರದ ಹಾರಾಟಕ್ಕೆ ಇದಕ್ಕಿಂತ ಹಗುರವಾದ ಬುತ್ತಿ ಇಲ್ಲ.

ಹೊರಡುವ ಹೊತ್ತಿನಲ್ಲಿ ನಡೆಯುವುದು ಇನ್ನೂ ಸೋಜಿಗ. ಇನ್ನೊಂದು ದಂಡೆಹಕ್ಕಿಯನ್ನು ನೋಡಿ: ವಲಸೆ ಹೊರಟ ಅಲಾಸ್ಕಾದ ಬಾರ್-ಟೇಲ್ಡ್ ಗಾಡ್ವಿಟ್ ಹಕ್ಕಿಗಳ ದೇಹದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಕೊಬ್ಬಿನದೇ ಇತ್ತು. ಜಠರ, ಕರುಳು, ಯಕೃತ್ತು, ಮೂತ್ರಪಿಂಡಗಳು ಮಾತ್ರ ಕುಗ್ಗಿದ್ದವು. 1998ರಲ್ಲಿ ಇದನ್ನು ವರದಿ ಮಾಡಿದವರು ಥ್ಯೂನಿಸ್ ಪಿಯರ್ಸ್ಮಾ ಮತ್ತು ರಾಬರ್ಟ್ ಗಿಲ್. ಹಾರುವಾಗ ಕೆಲಸಕ್ಕೆ ಬಾರದ ಅಂಗಗಳ ಭಾರ ಹೊರುವುದೇಕೆ? ತಲುಪಿದ ಮೇಲೆ ಅವು ಮತ್ತೆ ಬೆಳೆಯುತ್ತವೆ. ಇದೇ ಜಾತಿಯ ಒಂದು ಮರಿಹಕ್ಕಿ 2022ರಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳಿಯದೆ 13,560 ಕಿ.ಮೀ. ಹಾರಿತು. ನಮ್ಮ ಸ್ಟಿಂಟ್ ಅಲ್ಲಲ್ಲಿ ತಂಗುತ್ತ ಹೋಗುತ್ತದೆ.

ಹೊರಡುವ ಕಾಲ ತಿಳಿಯುವುದು ಹೇಗೆ? ಇಂಡಿಯಲ್ಲಿ ಡಿಸೆಂಬರಿನ ಹಗಲಿಗೂ ಜೂನಿನ ಹಗಲಿಗೂ ಇರುವ ಅಂತರ ಸುಮಾರು 2 ಗಂಟೆ ಅಷ್ಟೇ. ಆದರೂ ತಲೆಬುರುಡೆ ದಾಟಿ ಬರುವ ಬೆಳಕನ್ನು ಹಕ್ಕಿಯ ಮೆದುಳು ಗ್ರಹಿಸಿ ಹಗಲಿನ ಉದ್ದ ಅಳೆಯುತ್ತದೆ. ಒಳಗೇ ನಡೆಯುವ ವಾರ್ಷಿಕ ಗಡಿಯಾರವೂ ಜೊತೆಗಿದೆ.

ಮೇಲೆ ಹೇಳಿದ ಉಂಗುರ ತೊಡಿಸುವ ಕೆಲಸಕ್ಕೂ ಕರ್ನಾಟಕದಲ್ಲೇ ಒಂದು ಬೇರಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡಾಗ, ಅದರ ವೈರಸ್ ರಷ್ಯಾದ ಒಂದು ವೈರಸ್ಸನ್ನು ಹೋಲುತ್ತಿದ್ದುದರಿಂದ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೇಲೆ ಶಂಕೆ ಹೋಯಿತು. 1959ರಲ್ಲಿ ಸಲೀಂ ಅಲಿ ಮುಂದಾಳತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಕೈಹಾಕಿತು.

ಏಪ್ರಿಲ್ ಕಳೆಯುವತನಕ ರಾಡಿಗೆ ಟ್ರ್ಯಾಕ್ಟರ್ ಇಳಿಸದಿದ್ದರೆ, ನಾಯಿಗಳು ಹಿಂಡಿನ ಬೆನ್ನುಹತ್ತದಂತೆ ನೋಡಿಕೊಂಡರೆ ಈ ಹಕ್ಕಿಗಳಿಗೆ ದೊಡ್ಡ ಉಪಕಾರ. ಬೆದರಿ ಎದ್ದಷ್ಟು ಸಲವೂ ಅವು ಸುಡುವುದು ಸೈಬೀರಿಯಾದ ದಾರಿಗೆಂದು ಕೂಡಿಟ್ಟ ಕೊಬ್ಬನ್ನೇ.