ಹೊಲ ಹೋಗಿ ಪ್ಲಾಟು ಬರುವ ಹೊತ್ತು

ರಾಣೇಬೆನ್ನೂರಿನಿಂದ ಮೇಡ್ಲೇರಿ ರಸ್ತೆ ಹಿಡಿದರೆ, ಪಟ್ಟಣ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂದು ಹೇಳುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಗೋವಿನಜೋಳದ ಹೊಲದ ಮಗ್ಗುಲಿಗೇ ಬಿನ್‌ಶೇತ್ಕಿ (ಕೃಷಿಯೇತರ) ಆದ ಜಮೀನು. ಬದು ಒಡೆದು ನೆಲ ಸಮ ಮಾಡಿದ್ದಾರೆ. ಗರಸು ಹಾಸಿದ ರಸ್ತೆ, ಸುಣ್ಣ ಬಳಿದ ಕಲ್ಲು, ಕಲ್ಲಿನ ಮೇಲೆ ಪ್ಲಾಟಿನ ನಂಬರು. ಬದುವಿನ ಗುರುತಿಗೆ ಒಂದು ಬೇವಿನ ಮರ ಉಳಿದಿದೆ. ಅದರ ಕೆಳಗೆ ಬುತ್ತಿ ಬಿಚ್ಚುವವರು ಈಗಿಲ್ಲ.

ಇಂಥ ನೆಲದ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವವರು ಕಡಿಮೆ. ತುಂಗಭದ್ರೆಯ ದಂಡೆಯೋ ಹುಣಸಿಕಟ್ಟಿ ಕಡೆಯ ಕೃಷ್ಣಮೃಗವೋ ಆದರೆ ಸರಿ, ಪ್ಲಾಟಿನ ಕಲ್ಲಿನಲ್ಲಿ ನೋಡುವುದೇನಿದೆ? ಅದನ್ನೇ ನೋಡುತ್ತ ನಿಂತ ಕಲಾವಿದರ ಪರಂಪರೆಯೊಂದಿದೆ.

1975ರಲ್ಲಿ ಅಮೆರಿಕದ ರೋಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್‌ನಲ್ಲಿ ಕ್ಯುರೇಟರ್ ವಿಲಿಯಂ ಜೆಂಕಿನ್ಸ್ ‘ನ್ಯೂ ಟೊಪೊಗ್ರಾಫಿಕ್ಸ್’ ಎಂಬ ಪ್ರದರ್ಶನ ಏರ್ಪಡಿಸಿದರು. ಅದರಲ್ಲಿದ್ದವರು 10 ಛಾಯಾಗ್ರಾಹಕರು. ರಾಬರ್ಟ್ ಆಡಮ್ಸ್ ಕೊಲೊರಾಡೊ ಬಯಲಿನಲ್ಲಿ ಎದ್ದ ಹೊಸ ಮನೆಗಳ ಸಾಲನ್ನು, ಲೂಯಿಸ್ ಬಾಲ್ಟ್ಜ್ ಕ್ಯಾಲಿಫೋರ್ನಿಯಾದ ಕೈಗಾರಿಕಾ ಕಟ್ಟಡಗಳ ಬೋಳು ಗೋಡೆಗಳನ್ನು ತೋರಿಸಿದರು. ಸ್ಟೀಫನ್ ಶೋರ್ ಒಬ್ಬರದು ಬಣ್ಣದ ಚಿತ್ರ, ಉಳಿದವರದು ಕಪ್ಪು-ಬಿಳುಪು. ಹೊಗಳದೆ, ಹಳಿಯದೆ, ಸರ್ವೆಯವರು ಸರಪಳಿ ಹಿಡಿದು ಅಳೆಯುವಷ್ಟೇ ನಿಗಾ ಇಟ್ಟು ಅವರು ಊರಂಚನ್ನು ನೋಡಿದ್ದರು.

ನಮ್ಮಲ್ಲಿ ಈ ಕೆಲಸ ಬೇರೆ ರೂಪ ಪಡೆಯಿತು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 2006ರಲ್ಲಿ ‘ಡಾರ್ಕ್‌ರೂಮ್’ ರಚಿಸಿದರು. ರಸ್ತೆಗೆ ಡಾಂಬರು ತರುವ ಡ್ರಮ್ಮುಗಳನ್ನು ಒಂದರ ಮೇಲೊಂದು ಪೇರಿಸಿ, ಕೆಲವನ್ನು ತಗಡಾಗಿ ಬಡಿದು ಕಟ್ಟಿದ ಕೋಣೆ ಅದು. ರಸ್ತೆ ಕೂಲಿಗಳು ದಾರಿ ಬದಿಗೆ ಹಾಕಿಕೊಳ್ಳುವ ಗೂಡಿನ ನೆನಪು ತರುತ್ತದೆ. ಬಗ್ಗಿ ಒಳಗೆ ಹೊಕ್ಕರೆ ಕತ್ತಲು. ತಲೆಯೆತ್ತಿದರೆ ತಗಡಿನ ತೂತುಗಳಿಂದ ಇಳಿಯುವ ಬೆಳಕು ಚುಕ್ಕಿ ತುಂಬಿದ ಆಕಾಶ. ಹೊಸ ಬಡಾವಣೆಗೆ ರಸ್ತೆ ಹಾಕಿದವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದನ್ನು ಆ ಡ್ರಮ್ಮುಗಳು ನೆನಪಿಸುತ್ತವೆ.

2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2 ಚಂದ್ರನ ಮೇಲೆ ಇಳಿಯಲು ಸಜ್ಜಾಗಿದ್ದಾಗ, ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಹೊರವಲಯದ ಹೇರೋಹಳ್ಳಿ ಭಾಗದಲ್ಲಿ ಒಂದು ವಿಡಿಯೊ ಚಿತ್ರೀಕರಿಸಿದರು. ಗಗನಯಾತ್ರಿಯ ವೇಷ ತೊಟ್ಟ ನಟ ಚಂದ್ರನ ನೆಲದ ಮೇಲೆಂಬಂತೆ ನಿಧಾನವಾಗಿ ಹೆಜ್ಜೆ ಹಾಕುತ್ತಾನೆ. ಪಕ್ಕದಲ್ಲಿ ಆಟೊ ಹಾದುಹೋದಾಗಲೇ ಅದು ಗುಂಡಿ ಬಿದ್ದ ರಸ್ತೆಯೆಂದು ತಿಳಿಯುವುದು. ಸೈಟು ಮಾರಾಟವಾದಷ್ಟು ಬೇಗ ರಸ್ತೆ ಬಾರದ ಬಡಾವಣೆಗಳೆಲ್ಲದರ ಚಿತ್ರವಿದು.

ಇನ್ನೊಂದು ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿ ಪಕ್ಕದಲ್ಲಿ, 2020ರಲ್ಲಿ ತೀರಿಕೊಂಡ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್. ಕೃಷಿ, ಕಸುಬು, ದನಕರು, ಮನೆಗೆಲಸ ಎಲ್ಲವೂ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ನೋಡಲು ಬಂದ ಅಜ್ಜಂದಿರು ಮೊಮ್ಮಕ್ಕಳಿಗೆ ಒಂದೊಂದನ್ನೂ ಬೊಟ್ಟು ಮಾಡಿ ಹೆಸರು ಹೇಳಬಹುದಾದ ಜಾಗ ಅದು.

ಗೊಟಗೋಡಿಯ ಶಿಲ್ಪಗಳು ಹಳ್ಳಿ ಹೇಗಿತ್ತು ಎಂದು ತೋರಿಸುತ್ತವೆ. ಪಟ್ಟಣ ಹೇಗಾಯಿತು ಎಂಬುದು ಕಣ್ಣೆದುರಿಗಿದೆ. ಎರಡರ ನಡುವಿನ ಹೊತ್ತು, ಬೇವಿನ ಮರದ ಸುತ್ತ ನಂಬರು ಕಲ್ಲುಗಳಿರುವ ಈ ಹೊತ್ತು, ನಾಲ್ಕೈದು ವರ್ಷದಲ್ಲಿ ಮುಗಿದುಹೋಗುತ್ತದೆ. ಮನೆ ಎದ್ದ ಮೇಲೆ ಅದರ ಗುರುತೂ ಸಿಗದು. ಇದನ್ನು ಹಿಡಿದಿಡಲು ದೊಡ್ಡ ಗ್ಯಾಲರಿ ಬೇಕಿಲ್ಲ. ಪ್ರತಿ ವರ್ಷ ಶೀಗಿ ಹುಣ್ಣಿಮೆಯ ದಿನ, ಚರಗ ಚೆಲ್ಲಲು ಹೊಲಕ್ಕೆ ಹೋದಾಗ, ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಅದನ್ನು ಅಚ್ಚು ಹಾಕಿಸಿ, ಹಿಂದೆ ತಾರೀಖು, ಹೊಲದ ಹೆಸರು ಬರೆಯಿರಿ. ಹತ್ತು ಹುಣ್ಣಿಮೆಯ ಹತ್ತು ಫೋಟೋಗಳನ್ನು ಊರಿನ ಶಾಲೆಯ ಗೋಡೆಗೆ ಸಾಲಾಗಿ ಅಂಟಿಸಿದರೆ, ಅದೇ ಮೇಡ್ಲೇರಿ ರಸ್ತೆಯ ಕಲಾ ಪ್ರದರ್ಶನ.