ಬಾಳೆಗೆ ಕಂದೇ ಗತಿ
ಬಾಳೆಯನ್ನು ಮರವೆಂದೇ ಕರೆಯುವುದು ರೂಢಿ. ಆದರೆ ಕಾಂಡದಂತೆ ಕಾಣುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡ, ಅಂದರೆ ಬಾಳೆಪಟ್ಟೆ. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಹೂ ಬಿಡುವ ಕಾಲಕ್ಕೆ ಗಡ್ಡೆಯಿಂದ ದಿಂಡು ಮೇಲೇರಿ ಗೊನೆ ಹೊರುತ್ತದೆ. ಒಮ್ಮೆ ಗೊನೆ ಬಿಟ್ಟ ಗಿಡ ಸಾಯುತ್ತದೆ; ಬುಡದ ಕಂದು ಅದರ ಜಾಗ ಹಿಡಿಯುತ್ತದೆ.

ಕಾಡುಬಾಳೆಯ ಹಣ್ಣಿನ ತುಂಬ ಗಟ್ಟಿ ಬೀಜ. ನಾವು ತಿನ್ನುವ ತಳಿಗಳಲ್ಲಾದರೋ ಪರಾಗಸ್ಪರ್ಶವಿಲ್ಲದೆಯೇ ಕಾಯಿ ಬಲಿಯುತ್ತದೆ, ಬೀಜ ಕಟ್ಟುವುದಿಲ್ಲ. ಹೀಗಾಗಿ ಕಂದು ನೆಟ್ಟೇ ತೋಟ ಬೆಳೆಸಬೇಕು. ಕಂದು ತಾಯಿಯದೇ ಪಡಿಯಚ್ಚು. ತಾಯಿಯ ರುಚಿಯಷ್ಟೇ ಅಲ್ಲ, ದೌರ್ಬಲ್ಯವೂ ಅದಕ್ಕೆ ಬಳುವಳಿ.

ನಂಜನಗೂಡು ರಸಬಾಳೆ ಅಳಿವಿನಂಚಿಗೆ ಬಂದದ್ದು ಹೀಗೆಯೇ. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಬೀಜದ ಬೆಳೆಯಾಗಿದ್ದರೆ ಒಂದೆರಡು ಸಸಿಯಾದರೂ ತಡೆದುಕೊಳ್ಳುತ್ತಿದ್ದವೇನೋ. ಎಲ್ಲವೂ ಒಂದೇ ಅಚ್ಚಿನವಾದಾಗ ಒಂದಕ್ಕೆ ಬಂದ ಕುತ್ತು ಇಡೀ ತೋಟದ ಕುತ್ತು.