ಫೋಟೊದ ಬೆನ್ನ ಹಿಂದೆ ಏನಿದೆ?

ಶಾಲಾ ವಾರ್ಷಿಕೋತ್ಸವದ್ದೋ ಅಜ್ಜಿಮನೆಯ ಹಬ್ಬದ್ದೋ ಫೋಟೊಗಳನ್ನು ಕ್ಯಾಮೆರಾದಿಂದ ತೆಗೆದವರೇ ಹಾಗೇ ವೆಬ್‌ಸೈಟಿಗೆ ಏರಿಸಿಬಿಡುವವರಿದ್ದಾರೆ. ಪುಟ ಆಮೆಗತಿಯಲ್ಲಿ ತೆರೆದುಕೊಳ್ಳುತ್ತದೆ. ಕಾಯುವಷ್ಟು ಪುರುಸೊತ್ತು ಯಾರಿಗಿದೆ?

12 ಮೆಗಾಪಿಕ್ಸೆಲ್ ಚಿತ್ರವೆಂದರೆ ಸಾಮಾನ್ಯವಾಗಿ ಅಗಲಕ್ಕೆ 4,000, ಎತ್ತರಕ್ಕೆ 3,000 ಚುಕ್ಕಿಗಳು. ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೆ ಅಷ್ಟೂ ಬೇಕು. ವೆಬ್‌ಸೈಟಿಗೆ ಅಗಲ 1,200, ಎತ್ತರ 900 ಇದ್ದರೆ ಧಾರಾಳ. ಆಗ ಚುಕ್ಕಿಗಳು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತವೆ.

ಮೊದಲು ಫೋಟೊದ ಒಂದು ಪ್ರತಿ ಮಾಡಿಕೊಳ್ಳಿ. ಜೆಪೆಗ್ ಚಿತ್ರವನ್ನು ತಿದ್ದಿ ಸೇವ್ ಮಾಡಿದಾಗಲೆಲ್ಲ ಸ್ವಲ್ಪ ವಿವರ ಕಳೆದುಹೋಗುತ್ತದೆ, ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ. ಆದ್ದರಿಂದ ಮೂಲವನ್ನು ಮುಟ್ಟಬೇಡಿ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶವೇ ಈ ಕೆಲಸಕ್ಕೆ ಸಾಕು. ಬೇಡದ ಅಂಚು ಕತ್ತರಿಸಿ, ಬೆಳಕು ಸರಿಪಡಿಸಿ, ಆಮೇಲೆ ಗಾತ್ರ ಇಳಿಸಿ. ಗಾತ್ರ ಇಳಿದಾಗ ಚಿತ್ರ ತುಸು ಮಂಕಾಗುವುದುಂಟು, ಹರಿತಗೊಳಿಸುವುದು ಕೊನೆಗಿರಲಿ. ಬಣ್ಣ ಮಾತ್ರ ಅತಿಯಾಗಿ ಬಳಿಯಬೇಡಿ, ಮಕ್ಕಳ ಮುಖ ಕಿತ್ತಳೆ ಹಣ್ಣಿನಂತಾದೀತು!

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಫೋಟೊದೊಳಗೆ ಕಣ್ಣಿಗೆ ಕಾಣದ ಒಂದು ಚೀಟಿ ಇರುತ್ತದೆ. ಅದರ ಹೆಸರು ಎಕ್ಸಿಫ್. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆ ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಮೊಬೈಲ್‌ನಲ್ಲಾಗಲಿ ಜಿಪಿಎಸ್ ಇರುವ ಕ್ಯಾಮೆರಾದಲ್ಲಾಗಲಿ ತೆಗೆದಿದ್ದರೆ ಸ್ಥಳದ ಅಕ್ಷಾಂಶ, ರೇಖಾಂಶ ಕೂಡ ಸೇರಿರಬಹುದು.

ಇದರಿಂದ ಏನಾಗುತ್ತದೆ ಎನ್ನುವವರು 2012ರ ಡಿಸೆಂಬರ್‌ನಲ್ಲಿ ನಡೆದದ್ದನ್ನು ಕೇಳಿ. ವೈರಸ್ ತಡೆ ತಂತ್ರಾಂಶಕ್ಕೆ ಹೆಸರಾದ ಜಾನ್ ಮೆಕಾಫಿಯನ್ನು ಬೆಲೀಜ್ ದೇಶದ ಪೊಲೀಸರು ವಿಚಾರಣೆಗಾಗಿ ಹುಡುಕುತ್ತಿದ್ದರು. ಆತ ತಲೆಮರೆಸಿಕೊಂಡಿದ್ದ. ಜೊತೆಗಿದ್ದ ವೈಸ್ ಪತ್ರಿಕೆಯವರು ಆತನ ಫೋಟೊ ಒಂದನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿದರು. ಓದುಗರು ಆ ಚಿತ್ರದ ಎಕ್ಸಿಫ್ ತೆರೆದು ನೋಡಿದರು. ಗ್ವಾಟೆಮಾಲಾದಲ್ಲಿರುವ ಜಾಗ ಬಯಲಾಯಿತು. ಎರಡೇ ದಿನಗಳಲ್ಲಿ ಅಲ್ಲಿನ ಪೊಲೀಸರು ಆತನನ್ನು ಬಂಧಿಸಿದರು.

ನಮ್ಮ ಮನೆಯಲ್ಲಿ ಅಂಥವರು ಯಾರೂ ಅಡಗಿಲ್ಲ, ನಿಜ. ಆದರೆ ಅಂಗಳದಲ್ಲಿ ಆಡುವ ಮಗುವಿನ ಫೋಟೊ ಮನೆಯ ವಿಳಾಸವನ್ನು ಅಪರಿಚಿತರ ಕೈಗೆ ಕೊಡುವುದು ಬೇಡವಷ್ಟೆ. ವಿಂಡೋಸ್‌ನಲ್ಲಿ ಫೋಟೊದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್ ತೆರೆದರೆ ಈ ವಿವರಗಳೆಲ್ಲ ಕಾಣುತ್ತವೆ. ಅಳಿಸುವ ಕೊಂಡಿಯೂ ಅಲ್ಲೇ ಕೆಳಗಿದೆ. ಗಿಂಪ್‌ನಲ್ಲಾದರೆ ಎಕ್ಸ್‌ಪೋರ್ಟ್ ಮಾಡುವಾಗ ಎಕ್ಸಿಫ್ ಮುಂದಿನ ಗುರುತು ತೆಗೆದರಾಯಿತು. ಸಮವಸ್ತ್ರದ ಮೇಲಿನ ಶಾಲೆಯ ಹೆಸರು, ಗೇಟಿನ ಮನೆ ನಂಬರು ಕಾಣುತ್ತಿದ್ದರೆ ಅದನ್ನೂ ಕತ್ತರಿಸಿ.

ಮೂಲಪ್ರತಿಯಲ್ಲಿ ಮಾತ್ರ ಏನನ್ನೂ ಅಳಿಸಬೇಡಿ. ಇದು ಯಾವ ವರ್ಷದ ಪ್ರವಾಸ, ಯಾವ ಊರು ಎಂದು ಮುಂದೊಂದು ದಿನ ಮನೆಮಂದಿ ವಾದಕ್ಕಿಳಿದಾಗ ಉತ್ತರ ಅಲ್ಲೇ ಇರುತ್ತದೆ.